ಒಬ್ಬರೇ ಕೂರುವ ವಿಮಾನ

ಬೆಳಗಿನ ಆರೂವರೆಯ ಬಸ್ಸು ನಮ್ಮೂರ ಡಿಪೋದಿಂದ ಆರೂವರೆಗೇ ಹೊರಟ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಡ್ರೈವರು ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಇಂಜಿನ್ನೂ ಮಾತು ಕೇಳುತ್ತಿತ್ತು. ತಡವಾಗುತ್ತಿದ್ದುದು ನನ್ನ ದೊಡ್ಡಪ್ಪನಿಂದ.

ಅವರು ಡಿಪೋದ ವರ್ಕ್‌ಶಾಪಿನಲ್ಲಿ ಸಲಕರಣೆಗಳ ಕೋಣೆ ನೋಡಿಕೊಳ್ಳುತ್ತಿದ್ದರು. ಆ ಕೋಣೆಯ ಗೋಡೆಗೆ ಬಾಗಿಲಷ್ಟು ಎತ್ತರದ ಒಂದು ಹಸಿರು ಹಲಗೆ. ಅದರ ಮೇಲೆ ನಟ್ಟು ಬಿಚ್ಚುವ ಪಾನಾಗಳು, ಇಕ್ಕಳ, ಸುತ್ತಿಗೆ, ಹೀಗೆ ಪ್ರತಿಯೊಂದರ ಆಕಾರವನ್ನೂ ಅವರೇ ಬಿಳಿ ಬಣ್ಣದಲ್ಲಿ ಬರೆದು, ಮೇಲೊಂದು ಮೊಳೆ ಹೊಡೆದಿದ್ದರು. ಸಾಮಾನು ಮೊಳೆಯಲ್ಲಿದ್ದರೆ ಬಿಳಿ ಕಾಣುತ್ತಿರಲಿಲ್ಲ. ಯಾರಾದರೂ ಒಯ್ದಿದ್ದರೆ ಆ ಜಾಗದಲ್ಲಿ ಬಿಳಿ ಆಕಾರ ಬಾಯಿ ಬಿಟ್ಟುಕೊಂಡು ಕೂತಿರುತ್ತಿತ್ತು. ಒಂದೇ ಒಂದು ಬಿಳಿ ಉಳಿದಿದ್ದರೂ ಬಸ್ಸು ಗೇಟು ದಾಟುವಂತಿಲ್ಲ. ಗೇಟಿನ ಕೀಲಿ ದೊಡ್ಡಪ್ಪನ ಜೇಬಿನಲ್ಲಿ. ಮೆಕ್ಯಾನಿಕ್ಕುಗಳು ಬಸ್ಸಿನ ಕೆಳಗೆ ತೂರಿ, ಸೀಟಿನಡಿ ತಡಕಿ, ತಮ್ಮ ಜೇಬನ್ನು ತಾವೇ ಮುಟ್ಟಿ ನೋಡಿಕೊಂಡು, ಕೊನೆಗೆ ಎಲ್ಲೋ ಚಹದ ಲೋಟದ ಪಕ್ಕ ಬಿದ್ದಿದ್ದ ಒಂದು ಸ್ಕ್ರೂಡ್ರೈವರ್ ತಂದು ಮೊಳೆಗೆ ಹಾಕುವ ಹೊತ್ತಿಗೆ ಆರೂ ಮುಕ್ಕಾಲು. ಡಿಪೋದಲ್ಲಿ ಅವರ ಹೆಸರೇ ಅದಾಯಿತು. ‘ಆರೂ ಮುಕ್ಕಾಲು ಬಂದ್ರು, ಬೀಡಿ ಆರಿಸ್ರೋ’ ಎನ್ನುತ್ತಿದ್ದರು.

ಕಂಡಕ್ಟರ್ ಒಬ್ಬ ಬಾಯಾಳಿ ಇದ್ದ. ಒಮ್ಮೆ ಅವನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಯಜಮಾನ್ರೇ, ಇವರೆಲ್ಲ ಮದುವೆಗೆ ಹೊರಟೋರು. ನೀವು ಹುಡುಕಿ ಮುಗಿಸೋ ಹೊತ್ತಿಗೆ ಮಗೂಗೆ ಹೆಸರಿಡೋಕೆ ಹೋಗಿ ಇಳೀತಾರೆ.”

ದೊಡ್ಡಪ್ಪ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಹಲಗೆಯನ್ನೇ ನೋಡುತ್ತ ನಿಂತಿದ್ದರು. ಮ್ಯಾನೇಜರ್ ಕೂಡ ಅವರನ್ನು ಗದರಿದವನಲ್ಲ. ಯುದ್ಧದಲ್ಲಿ ಪದಕ ಗೆದ್ದ ಮನುಷ್ಯನನ್ನು ಹದಿನೈದು ನಿಮಿಷಕ್ಕೆ ಗದರುವುದು ಹೇಗೆ? ಊರು ಹೊಂದಿಕೊಂಡಿತು. ಆರೂವರೆಯ ಬಸ್ಸಿಗೆ ಜನ ಆರೂ ನಲವತ್ತಕ್ಕೆ ಬರುವುದನ್ನು ಕಲಿತರು. ಆ ಬಸ್ಸಿನಲ್ಲೇ ಕಾಲೇಜಿಗೆ ಹೋಗುತ್ತಿದ್ದ ನಾನೂ ಕಲಿತೆ.

ಪದಕ ನಮ್ಮ ನಡುಮನೆಯ ಗೋಡೆಯಲ್ಲಿ, ಗಾಜಿನ ಚೌಕಟ್ಟಿನಲ್ಲಿತ್ತು. ಅಪ್ಪ ದೊಡ್ಡಪ್ಪ ಒಂದೇ ಮನೆಯಲ್ಲಿದ್ದುದರಿಂದ ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದೇ ಪದಕದ ಕೆಳಗಿದ್ದ ಪ್ರಶಸ್ತಿಪತ್ರದಲ್ಲಿ. ನೌಕಾಪಡೆಯ ವಿಮಾನ ವಿಭಾಗದ ಈ ಫಿಟ್ಟರ್, ವಿಮಾನವಾಹಕ ಹಡಗಿನ ಮೇಲೆ ಇಳಿಯುವಾಗ ಅಪಘಾತವಾಗಿ ಹೊತ್ತಿ ಉರಿಯುತ್ತಿದ್ದ ವಿಮಾನದಿಂದ ಪೈಲಟನ್ನು ಹೊರಗೆಳೆದರು ಎಂದು ಅದರಲ್ಲಿತ್ತು. ಅಷ್ಟಕ್ಕೇ ನಿಲ್ಲದೆ, ಎರಡು ಕೈ ಸುಟ್ಟಿದ್ದರೂ ಪ್ರಾಣದ ಹಂಗು ತೊರೆದು ಎರಡನೇ ಸಲ ಬೆಂಕಿಯ ಒಳಹೊಕ್ಕರು ಎಂದೂ ಇತ್ತು. ‘ಎರಡನೇ ಸಲ’ ಎಂಬ ಪದಗಳ ಮೇಲೆ ನನ್ನ ಎಣ್ಣೆಗೈಯ ಬೆರಳಿನ ಗುರುತು ಬಹಳ ದಿನ ಉಳಿದಿತ್ತು.

“ಎರಡನೇ ಸಲ ಯಾರನ್ನ ಕರ್ಕೊಂಡು ಬರೋಕೆ ಹೋಗಿದ್ರು ದೊಡ್ಡಮ್ಮಾ?” ಎಂದು ನಾನು ಕೇಳಿದ್ದೆ. ಆಗ ನನಗೆ ಆರೋ ಏಳೋ ವರ್ಷ.

“ಓದಿದ್ದು ಸಾಕು. ಕೈ ತೊಳ್ಕೊಂಡು ಬಾ” ಎಂದಿದ್ದಳು.

ದೊಡ್ಡಮ್ಮ ಆ ಚೌಕಟ್ಟಿನ ಗಾಜು ಒರೆಸಿದ್ದನ್ನು ಅಷ್ಟು ವರ್ಷ ನಾನು ನೋಡಿರಲಿಲ್ಲ. ಮನೆಯ ಹಿತ್ತಾಳೆಯೆಲ್ಲ ಫಳಫಳ ಎನ್ನಬೇಕು ಅವಳಿಗೆ. ಆದರೂ ಪದಕ ಅದರ ಪಾಡಿಗೆ ಕಪ್ಪಾಗುತ್ತ ಹೋಯಿತು. ದೊಡ್ಡಪ್ಪನನ್ನು ಸನ್ಮಾನಕ್ಕೆ ಕರೆದಲ್ಲಿಗೂ ಅವಳು ಹೋಗುತ್ತಿರಲಿಲ್ಲ. ಊರಿನ ಶಾಲೆಯವರು ವರ್ಷಕ್ಕೊಮ್ಮೆ ಕರೆಯುತ್ತಿದ್ದರು. ದೊಡ್ಡಪ್ಪ ಕೋಟು ತೊಟ್ಟು, ಬಲಗೈ ಮುಷ್ಟಿ ಮಾಡಿಕೊಂಡು ವೇದಿಕೆಯ ಮೇಲೆ ಕೂರುತ್ತಿದ್ದರು. ಎರಡು ಮಾತು ಆಡಿ ಎಂದರೆ ಎದ್ದು, ‘ಬಳಸಿದ ಸಾಮಾನನ್ನ ಅದರ ಜಾಗದಲ್ಲೇ ಇಡಿ ಮಕ್ಕಳೇ’ ಎಂದು ಕೂತುಬಿಡುತ್ತಿದ್ದರು. ಮಕ್ಕಳು ನಗುತ್ತಿದ್ದವು. ಹೆಡ್ಮಾಸ್ತರು ಮಾತ್ರ ಪ್ರತಿ ಸಲವೂ ಮೈಕು ಹಿಡಿದು, ತುಂಬಿದ ಕೊಡ ತುಳುಕುವುದಿಲ್ಲ ಎಂದು ವಿವರಿಸುತ್ತಿದ್ದರು.

ಆ ಬಲಗೈ ಅಂಗೈಯಲ್ಲಿ ಒಂದು ಕಲೆ. ಬೆರಳುದ್ದದ ನೆಟ್ಟನೆ ಗೆರೆ, ತುದಿಯಲ್ಲಿ ಕವಲು. ಸುಟ್ಟ ಚರ್ಮ ಗುಲಾಬಿಯಾಗಿ, ನಯವಾಗಿ ಉಳಿದಿತ್ತು. ವಿಮಾನದ ಬಿಸಿ ಹಿಡಿಕೆ ಹಿಡಿದದ್ದು ಎಂದು ಎಲ್ಲರೂ ಹೇಳುತ್ತಿದ್ದರು. ಅದು ಹಿಡಿಕೆಯಲ್ಲ, ಪಾನಾ. ಮನೆಯಲ್ಲಿ ದೊಡ್ಡಮ್ಮನಿಗೊಬ್ಬಳಿಗೆ ಇದು ಗೊತ್ತಿತ್ತು. ನನಗೆ ತಿಳಿದದ್ದು ಬಹಳ ತಡವಾಗಿ, ಅವಳ ಬಾಯಿಂದಲೇ. ನಡೆದದ್ದು ಹೀಗೆ.

ಹಡಗಿನಲ್ಲಿ ಪ್ರತಿ ಫಿಟ್ಟರನಿಗೂ ಒಂದು ಕ್ಯಾನ್ವಾಸ್ ಚೀಲ. ಬಿಡಿಸಿದರೆ ಉದ್ದಕ್ಕೆ ಹಾಸಿಕೊಳ್ಳುತ್ತದೆ, ಸುತ್ತಿದರೆ ತೋಳಿನಡಿ ಹಿಡಿಸುತ್ತದೆ. ಅದರಲ್ಲಿ ಹನ್ನೆರಡು ಜೇಬು, ಹನ್ನೆರಡು ಸಲಕರಣೆ, ಒಂದೊಂದರ ಮೇಲೂ ಫಿಟ್ಟರನ ನಂಬರು ಕೊರೆದಿರುತ್ತದೆ. ವಿಮಾನದ ಕೆಲಸ ಮುಗಿದ ಮೇಲೆ ಚೀಲ ಬಿಡಿಸಿ ಮೇಲಿನವರಿಗೆ ತೋರಿಸಬೇಕು. ಒಂದು ಜೇಬು ಖಾಲಿ ಇದ್ದರೂ ಆ ವಿಮಾನ ಏಳುವಂತಿಲ್ಲ. ಒಳಗೆಲ್ಲೋ ಬಿದ್ದ ಒಂದು ಪಾನಾ ವಿಮಾನ ಹಾರುವಾಗ ಉರುಳಿ, ಸರಿಗೆಗೋ ಸರಳಿಗೋ ಸಿಕ್ಕಿಕೊಂಡರೆ ಮುಗಿಯಿತು.

ಆ ದಿನ ಬೆಳಗ್ಗೆ ದೊಡ್ಡಪ್ಪ ಒಂದು ವಿಮಾನದ ಪೈಲಟ್ ಸೀಟಿನಡಿ ಕೆಲಸ ಮಾಡಿ ಇಳಿದಿದ್ದರು. ಚೀಲ ಬಿಡಿಸಿದಾಗ ಏಳನೇ ಜೇಬು ಖಾಲಿ. ವಿಮಾನವನ್ನು ಆಗಲೇ ಲಿಫ್ಟಿನಲ್ಲಿ ಮೇಲಿನ ಡೆಕ್ಕಿಗೆ ಏರಿಸುತ್ತಿದ್ದರು. ಹೇಳಿದರೆ ಅದರ ಹಿಂದಿನ ಎಂಟು ವಿಮಾನಗಳೂ ನಿಲ್ಲಬೇಕು. ಯುದ್ಧದ ನಡುವೆ ಒಂದು ಪಾನಾಕ್ಕಾಗಿ ಇಡೀ ಹಡಗು ಕಾದು ನಿಂತಿತೆಂಬ ಹೆಸರು ತಮ್ಮ ತಲೆಗೆ ಬರುತ್ತದೆ. ಹಿಂದಿನ ದಿನ ಅದನ್ನು ಪಕ್ಕದ ಮಂಚದವನಿಗೆ ಕೊಟ್ಟಿದ್ದ ನೆನಪೂ ಇತ್ತು. ಅವನ ಹತ್ತಿರವೇ ಉಳಿದಿರಬೇಕು ಎಂದುಕೊಂಡರು. ಆಗಲೇ ತಪಾಸಣೆ ಮುಗಿದಿದ್ದ ಅದೇ ಪಕ್ಕದವನ ಚೀಲದಿಂದ ಅಂಥದ್ದೇ ಒಂದು ಪಾನಾ ತೆಗೆದು ಏಳನೇ ಜೇಬಿಗೆ ತುರುಕಿ ಮೇಲಿನವರ ಮುಂದೆ ಹಿಡಿದರು. ಅವರು ನಂಬರು ನೋಡಲಿಲ್ಲ, ಜೇಬು ತುಂಬಿದ್ದನ್ನು ನೋಡಿ ತಲೆಯಾಡಿಸಿದರು.

ಎರಡು ಗಂಟೆಯ ಮೇಲೆ ಆ ವಿಮಾನ ಹಿಂದಿರುಗಿತು. ಡೆಕ್ಕಿಗೆ ಇಳಿಯಲು ಬರುವಾಗ ಎಡಕ್ಕೆ ತಿರುಗಬೇಕಾದಲ್ಲಿ ತಿರುಗಲಿಲ್ಲ. ನೋಡುತ್ತಿದ್ದವರೆಲ್ಲ ಪೈಲಟನನ್ನು ಬೈದರು. ದೊಡ್ಡಪ್ಪ ಒಬ್ಬರೇ ಬೈಯಲಿಲ್ಲ. ಪಾನಾ ಎಲ್ಲಿದೆ ಎಂದು ಆ ಕ್ಷಣ ಅವರಿಗೆ ಗೊತ್ತಾಯಿತು. ವಿಮಾನ ಡೆಕ್ಕಿನ ಬಲಕ್ಕಿದ್ದ ಕಟ್ಟಡದ ಕಬ್ಬಿಣದ ಗೋಡೆಗೆ ಬಡಿದು ಅಡ್ಡ ಬಿತ್ತು, ಹೊತ್ತಿಕೊಂಡಿತು. ನೀರಿನ ಕೊಳವೆ ಬರುವ ಮೊದಲೇ ಅವರು ಓಡಿದರು.

ಪೈಲಟಿಗಾಗಿ ಓಡಿದ್ದಲ್ಲ. ತನಿಖೆಯವರ ಕೈಗೆ ಸಿಗುವ ಮೊದಲು, ತಮ್ಮ ನಂಬರು ಕೊರೆದ ಆ ಪಾನಾ ತೆಗೆಯಲು ಓಡಿದ್ದು. ಸೀಟಿನಡಿ ಕೈ ಹಾಕಿದರೆ ಪೈಲಟನ ಕಾಲು ಅಡ್ಡ ಬಂತು. ಅಡ್ಡ ಬಂದದ್ದನ್ನು ತೆಗೆಯುವ ಹಾಗೆ ಪಟ್ಟಿ ಬಿಚ್ಚಿ ಅವನನ್ನು ಎತ್ತಿ ಹೊರಗೆ ಎಳೆದರು. ಬೇರೆಯವರು ಹಿಡಿದುಕೊಂಡರು. ಜಾಗ ಖಾಲಿಯಾಯಿತು. ದೊಡ್ಡಪ್ಪ ಮತ್ತೆ ಒಳಗೆ ಬಾಗಿದರು. ಕೈಗೆ ಸಿಕ್ಕಿತು. ಕೆಂಡದಂತಿತ್ತು, ಆದರೂ ಬಿಡದೆ ಹೊಗೆಯ ಮರೆಯಲ್ಲೇ ಜೇಬಿಗೆ ತುರುಕಿಕೊಂಡರು.

ಇದರಲ್ಲಿ ಇನ್ನೊಂದು ಮಾತಿದೆ. ದೊಡ್ಡಮ್ಮ ಇದನ್ನು ಹೇಳುವಾಗ ನಕ್ಕಿದ್ದಳು, ಆ ನಗು ನನಗೆ ಇಷ್ಟವಾಗಲಿಲ್ಲ. ಉಳಿದ ವಿಮಾನಗಳು ಇಳಿಯಲು ಮೇಲೆ ಸುತ್ತುತ್ತಿದ್ದುದರಿಂದ, ಉರಿಯುತ್ತಿದ್ದ ಅವಶೇಷವನ್ನು ಹತ್ತು ನಿಮಿಷದೊಳಗೆ ಸಮುದ್ರಕ್ಕೆ ತಳ್ಳಿಬಿಟ್ಟರಂತೆ. ದೊಡ್ಡಪ್ಪ ಓಡದೇ ಇದ್ದಿದ್ದರೂ ಪಾನಾ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆಗ ಆ ಪೈಲಟ್ ಸುಟ್ಟು ಹೋಗುತ್ತಿದ್ದ, ಪಕ್ಕದವರ ಹಾಗೆ ದೊಡ್ಡಪ್ಪನೂ ಟೋಪಿ ತೆಗೆದು ನಿಲ್ಲುತ್ತಿದ್ದರು.

ತನಿಖೆಯವರಿಗೆ ನೋಡಲು ವಿಮಾನವೇ ಇರಲಿಲ್ಲ. ವಿಮಾನ ತಿರುಗಿಸುವ ಹಿಡಿಕೋಲು ಎಡಕ್ಕೆ ಸರಿಯಲಿಲ್ಲ ಎಂದು ಪೈಲಟ್ ಆಸ್ಪತ್ರೆಯ ಮಂಚದಿಂದ ಹೇಳಿದ. ಬೆಳಗಿನ ದಾಖಲೆಯಲ್ಲಿ ಚೀಲಗಳೆಲ್ಲ ತುಂಬಿದ್ದವು, ಸಹಿಗಳೆಲ್ಲ ಸರಿಯಿದ್ದವು. ಅಪಘಾತಕ್ಕೆ ಪೈಲಟಿನ ತಪ್ಪೇ ಕಾರಣ ಎಂದು ಬರೆದರು. ಇಪ್ಪತ್ತೆರಡು ವರ್ಷದ ಅವನು ಮತ್ತೆ ಹಾರಲಿಲ್ಲ. ಅದೇ ವಾರ, ಬೇರೆ ಕಾಗದದಲ್ಲಿ, ದೊಡ್ಡಪ್ಪನ ಹೆಸರು ಪದಕಕ್ಕೆ ಹೋಯಿತು.

ಅಂದಿನಿಂದ ಪ್ರತಿ ವರ್ಷ ಅಪಘಾತದ ತಾರೀಖಿಗೆ ಸರಿಯಾಗಿ ಪೈಲಟಿನ ಪತ್ರ ಬರುತ್ತಿತ್ತು. ‘ಪ್ರಾಣ ಕೊಟ್ಟ ಅಣ್ಣನಿಗೆ’ ಎಂದು ಶುರು. ಅವನೀಗ ಒಂದು ಟ್ಯುಟೋರಿಯಲ್ಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ. ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು, ದೊಡ್ಡವಳಿಗೆ ಕೆಲಸ ಸಿಕ್ಕಿತು, ಎಲ್ಲವೂ ಪತ್ರದಲ್ಲಿ ಬರುತ್ತಿತ್ತು. ದೊಡ್ಡಪ್ಪ ಪತ್ರ ಓದಿ, ಎರಡು ಸಾಲಿನ ಉತ್ತರ ಬರೆಯುತ್ತಿದ್ದರು. ದೊಡ್ಡಮ್ಮ ಆ ದಿನ ಟ್ರಂಕು ತೆಗೆದು, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಪಾನಾಕ್ಕೆ ಹೊಸದಾಗಿ ಎಣ್ಣೆ ಸವರಿ ಮತ್ತೆ ಸುತ್ತಿಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಜ್ವರ ಬಂದು ದೊಡ್ಡಪ್ಪ ‘ಹನ್ನೊಂದೇ ಇದೆ, ಹನ್ನೊಂದೇ ಇದೆ’ ಎಂದು ಕನವರಿಸಿದಾಗ ಅವಳು ಕೇಳಿ ತಿಳಿದುಕೊಂಡಿದ್ದಳು. ಆಮೇಲೆ ಅವರಿಬ್ಬರೂ ಆ ವಿಷಯ ಎತ್ತಿರಲಿಲ್ಲ. ಪದಕಕ್ಕೆ ಕಿಲುಬು, ಪಾನಾಕ್ಕೆ ಹೊಳಪು. ಮೂವತ್ತು ವರ್ಷ ಅವರ ಮಾತುಕತೆ ಇಷ್ಟೇ.

ದೊಡ್ಡಪ್ಪನ ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ಪೈಲಟ್ ತಾವೇ ಬಂದರು.

ಮಧ್ಯಾಹ್ನದ ಬಸ್ಸಿನಿಂದ ಇಳಿದು, ವಿಳಾಸ ಕೇಳಿಕೊಂಡು ಬಂದಿದ್ದರು. ನಾನೇ ಬಾಗಿಲು ತೆಗೆದೆ. ಅವರ ಮುಖದ ಒಂದು ಪಕ್ಕ ಐವತ್ತೈದರ ಮನುಷ್ಯನದು, ಸುಕ್ಕು, ಕುರುಚಲು ಗಡ್ಡ ಎಲ್ಲ ಇತ್ತು. ಇನ್ನೊಂದು ಪಕ್ಕಕ್ಕೆ ವಯಸ್ಸೇ ಆಗಿರಲಿಲ್ಲ. ದೊಡ್ಡಪ್ಪನ ಅಂಗೈಯಂತೆಯೇ ಗುಲಾಬಿ, ನಯ. ನಾನು ನೋಡಿದ್ದು ಅವರಿಗೆ ತಿಳಿಯಿತು. “ಈ ಕಡೆ ಶೇವಿಂಗ್ ಖರ್ಚಿಲ್ಲಮ್ಮಾ” ಎಂದರು.

ದೊಡ್ಡಪ್ಪ ಎದ್ದು ನಿಂತರು, ಸೆಲ್ಯೂಟಿಗೆ ಕೈ ಎತ್ತಿ ಅರ್ಧಕ್ಕೇ ಇಳಿಸಿದರು. ಪೈಲಟ್ ಅವರನ್ನು ಹಿಡಿದು ಕೂರಿಸಿದರು. ನಾನು ಚಹ ತಂದಿಟ್ಟೆ. ಊರು, ಬಸ್ಸು, ಹೆಣ್ಣುಮಕ್ಕಳು, ಮಂಡಿನೋವು ಎಂದು ಸ್ವಲ್ಪ ಹೊತ್ತು ಮಾತಾಯಿತು. ಆಮೇಲೆ ಅವರು ಬಂದ ಕಾರಣ ಹೇಳಿದರು. ಮೂವತ್ತಮೂರು ವರ್ಷದಿಂದ ಅರ್ಜಿ ಕೊಡುತ್ತ ಬಂದಿದ್ದಾರೆ. ಈಗ ನೌಕಾಪಡೆಯ ಕಚೇರಿಯವರು ಒಪ್ಪಿದ್ದಾರೆ. ಹೊಸ ಸಾಕ್ಷಿ ಇದ್ದರೆ ಪೈಲಟಿನ ತಪ್ಪು ಎಂಬ ಆ ಒಂದು ಸಾಲನ್ನು ಮರುಪರಿಶೀಲಿಸುತ್ತಾರೆ. ಅದರಿಂದ ಕೆಲಸ ವಾಪಸು ಬರುವುದಿಲ್ಲ, ಏನೂ ಬರುವುದಿಲ್ಲ. ಅವರ ತಂದೆ ಆ ಸಾಲನ್ನು ನಂಬಿಯೇ ತೀರಿಕೊಂಡರಂತೆ. ತಾವು ಹಾಗೆ ಹೋಗಬಾರದು ಎಂಬುದಷ್ಟೇ ಅವರ ಆಸೆ.

“ಒಳಗೆ ಬಗ್ಗಿ ನೋಡಿದೋರು ನೀವೊಬ್ರೇ” ಎಂದರು. “ಕೋಲಿನ ಬುಡದಲ್ಲಿ ಏನಾದ್ರೂ ಸಿಕ್ಕಿಹಾಕ್ಕೊಂಡಿತ್ತಾ ಅಣ್ಣಾ? ಏನಾದ್ರೂ ಕಂಡಿತಾ?”

ದೊಡ್ಡಪ್ಪ ಚಹದ ಲೋಟ ನೋಡುತ್ತಿದ್ದರು. “ಹೊಗೆ ಇತ್ತು ಸಾರ್” ಎಂದರು.

“ಹೌದು. ಹೊಗೆ ಇತ್ತು.”

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಪೈಲಟ್ ಎದ್ದು ಚೌಕಟ್ಟಿನ ಹತ್ತಿರ ಹೋದರು. ಕನ್ನಡಕ ಹಾಕಿಕೊಂಡು ನಿಧಾನವಾಗಿ, ನಾನು ಚಿಕ್ಕವಳಾಗಿದ್ದಾಗ ಓದಿದ ಹಾಗೆ, ಬೆರಳಿಟ್ಟು ಓದಿದರು.

“ಇದನ್ನ ಬರೆದೋರಿಗೆ ವಿಮಾನ ಅಂದ್ರೆ ಏನು ಅಂತ ಗೊತ್ತಿರ್ಲಿಲ್ಲ ಅಂತ ಕಾಣತ್ತೆ” ಎಂದರು. “ಅದು ಒಬ್ಬರೇ ಕೂರೋ ವಿಮಾನ ಅಣ್ಣಾ. ನಾನು ಹೊರಗೆ ಬಂದಾಗಿತ್ತು. ನೀವು ಎರಡನೇ ಸಲ ಹೋಗಿದ್ದು ಯಾರಿಗೋಸ್ಕರ?”

ಪೈಲಟ್ ತಿರುಗಿ ನಕ್ಕರು. ಅರ್ಧ ಮುಖ ನಗುತ್ತಿತ್ತು.

“ನನಗೆ ಗೊತ್ತು. ನಮ್ಮಮ್ಮನ ಫೋಟೋ ಅಂಟಿಸಿದ್ದೆ ಒಳಗೆ, ಗಡಿಯಾರದ ಪಕ್ಕ. ನೀವೆಲ್ಲ ತಮಾಷೆ ಮಾಡ್ತಿದ್ರಿ, ಅಮ್ಮನ್ನ ಯುದ್ಧಕ್ಕೆ ಕರ್ಕೊಂಡು ಹೋಗ್ತಾನೆ ಅಂತ. ಅದನ್ನ ತರೋಕೆ ಹೋಗಿರ್ತೀರಿ. ನನ್ನ ಮಕ್ಕಳಿಗೆ ಹಾಗೇ ಹೇಳಿದೀನಿ. ಚಿಕ್ಕೋಳು ಪ್ರತಿ ಸಲ ಅಳ್ತಾಳೆ.”

ಆಗ ದೊಡ್ಡಮ್ಮ ಹೊರಗೆ ಬಂದಳು. ಕೈಯಲ್ಲಿ ಎಣ್ಣೆಬಟ್ಟೆಯ ಗಂಟು. ಅತಿಥಿಯ ಕಡೆ ನೋಡದೆ ಅದನ್ನು ದೊಡ್ಡಪ್ಪನ ಮುಂದೆ, ಲೋಟಗಳ ಪಕ್ಕ ಇಟ್ಟು ಒಳಗೆ ಹೋದಳು. ಅದೇನೆಂದು ಅಂದು ನನಗೆ ಗೊತ್ತಿರಲಿಲ್ಲ. ತಿಂಡಿ ಇರಬೇಕು ಎಂದುಕೊಂಡ ಪೈಲಟ್, ಏನೂ ಬೇಡ, ಹೊಟ್ಟೆ ತುಂಬಿದೆ ಎಂದರು. ದೊಡ್ಡಪ್ಪನ ಬಲಗೈ ಗಂಟಿನ ಮೇಲೆ ಬಂದು ಕೂತಿತು. ಬಿಚ್ಚಲಿಲ್ಲ. ಗೋಡೆ ಗಡಿಯಾರ ನಾಲ್ಕು ಹೊಡೆಯುವವರೆಗೂ ಅಲ್ಲೇ ಇತ್ತು. ನಾಲ್ಕೂಕಾಲಿನ ಬಸ್ಸಿಗೆ ಪೈಲಟ್ ಹೋಗಬೇಕಿತ್ತು.

ದೊಡ್ಡಪ್ಪ ಡಿಪೋದವರೆಗೂ ಜೊತೆಗೆ ನಡೆದರು. ಆ ಬಸ್ಸನ್ನು ನಿಲ್ಲಿಸುವುದು ಅವರಿಗೆ ಎಷ್ಟರ ಮಾತು? ಆ ದಿನ ಅದು ಹೊತ್ತಿಗೆ ಸರಿಯಾಗಿ ಹೋಯಿತು.

ದೊಡ್ಡಮ್ಮ ರೇಗಲಿಲ್ಲ. ಪೈಲಟ್ ಕುಡಿದ ಲೋಟ ಒಂದನ್ನು ಬಿಟ್ಟು ಉಳಿದದ್ದೆಲ್ಲ ತೊಳೆದಳು. ಆ ಲೋಟ ನಡುಮನೆಯ ಮೇಜಿನ ಮೇಲೆ ಹಾಗೇ ಇತ್ತು. ತಳದಲ್ಲಿ ಚಹ ಒಣಗಿ ಕಂದು ಉಂಗುರವಾಯಿತು, ಇರುವೆ ಬಂದು ಹೋದವು. ನಾನು ತೊಳೆಯಲು ಎತ್ತಿದರೆ, “ಇಡು ಅಲ್ಲೇ. ನಿನಗೆ ಸಂಬಂಧ ಇಲ್ಲ” ಎಂದಳು. ಊಟಕ್ಕೆ ಕೂತಾಗ ದೊಡ್ಡಪ್ಪನ ತಟ್ಟೆಗೂ ಆ ಲೋಟಕ್ಕೂ ನಡುವೆ ಒಂದು ಗೇಣು ಅಂತರ.

ಎರಡು ವಾರಕ್ಕೆ ಕಚೇರಿಯ ಕಾಗದ ಬಂತು. ಪೈಲಟ್ ತಮ್ಮ ಸಾಕ್ಷಿಯೆಂದು ದೊಡ್ಡಪ್ಪನ ಹೆಸರು ಬರೆದಿದ್ದರು. ಇಂಥ ದಿನ ಖುದ್ದು ಹಾಜರಾಗಿ ಹೇಳಿಕೆ ಕೊಡಬೇಕು, ಆಗದಿದ್ದಲ್ಲಿ ಲಿಖಿತ ಹೇಳಿಕೆ ಆ ದಿನದೊಳಗೆ ತಲುಪಬೇಕು ಎಂದಿತ್ತು. ದೊಡ್ಡಪ್ಪ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ದಿನಗಳು ಉರುಳಿದವು. ಡಿಪೋದಲ್ಲಿ ಆ ತಿಂಗಳು ಬಸ್ಸುಗಳು ಏಳಕ್ಕೂ ಹೊರಡಲಿಲ್ಲ. ಎಲ್ಲ ಮೊಳೆಯಲ್ಲಿದ್ದರೂ ದೊಡ್ಡಪ್ಪ ಇನ್ನೊಮ್ಮೆ ಎಣಿಸುತ್ತಿದ್ದರು.

ಕೊನೆಗೆ ಒಂದು ಬೆಳಗ್ಗೆ ಅವರು ಆ ಲೋಟವನ್ನು ತಾವೇ ಬಚ್ಚಲಿಗೆ ಒಯ್ದು ತೊಳೆದು, ಒರೆಸಿ, ಅದರ ಜಾಗದಲ್ಲಿಟ್ಟರು. ನಂತರ ನನ್ನ ನೋಟ್‌ಬುಕ್ಕಿನಿಂದ ಎರಡು ಹಾಳೆ ಕೇಳಿ ಪಡೆದು ಬರೆಯಲು ಕೂತರು. ನಾನು ಕಾಲೇಜಿನಿಂದ ಬಂದಾಗಲೂ ಬರೆಯುತ್ತಿದ್ದರು. ಬರೆದದ್ದು ಮಾತ್ರ ಒಂದೇ ಪುಟ. ಅದು ‘ಏಳನೇ ಜೇಬು ಖಾಲಿಯಿತ್ತು’ ಎಂಬುದರಿಂದ ಶುರುವಾಗಿ, ‘ನಾನು ಒಳಹೊಕ್ಕದ್ದು ಪಾನಾಕ್ಕಾಗಿ’ ಎಂಬಲ್ಲಿಗೆ ಮುಗಿದಿತ್ತೆಂದು ಆಮೇಲೆ ತಿಳಿಯಿತು. ಪಾನಾವನ್ನೂ ಹೇಳಿಕೆಯನ್ನೂ ಒಂದು ಬಟ್ಟೆಯಲ್ಲಿ ಸುತ್ತಿ ಹೊಲಿಯಲು ದೊಡ್ಡಮ್ಮನ ಮುಂದಿಟ್ಟರು.

ಅವಳು ಸೂಜಿ ತೆಗೆದುಕೊಳ್ಳಲಿಲ್ಲ. “ನೀವೇ ಹೋಗಿ ಕೊಡಿ. ಅಲ್ಲಿ ಅವರೂ ಬಂದಿರ್ತಾರೆ. ಅವರೆದುರೇ ಹೇಳಿ.”

“ಅಷ್ಟು ದೂರ ಆಗಲ್ಲ.”

“ಡಿಪೋದೋರಿಗೆ ಬಸ್ಸು ಬಿಟ್ಟಿ.”

“ಆಗಲ್ಲ ಅಂದ್ನಲ್ಲ.”

“ಬೆಂಕಿಗೆ ಎರಡು ಸಲ ಹೋದೋರಿಗೆ ಬಸ್ ಹತ್ತೋಕೆ ಆಗಲ್ವಾ?” ಎಂದಳು ದೊಡ್ಡಮ್ಮ.

ದೊಡ್ಡಪ್ಪ ತಾವೇ ಸೂಜಿಗೆ ದಾರ ಪೋಣಿಸಿದರು. ಸುಟ್ಟ ಬೆರಳುಗಳಿಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲ, ಹೊಲಿಗೆ ಹಾವಿನ ಹಾಗೆ ಹೊರಳಿತು. ಅವತ್ತೇ ರಿಜಿಸ್ಟರ್ ಪಾರ್ಸೆಲ್ ಮಾಡಿ ಬಂದರು. ಅಂಚೆಕಚೇರಿಯ ಗುಮಾಸ್ತ ತೂಗಿ ನೋಡಿ, “ಏನ್ ಯಜಮಾನ್ರೇ, ಡಿಪೋ ಸಾಮಾನು ಊರಿಗೆ ಸಾಗಿಸ್ತಿದೀರಾ?” ಎಂದು ತಮಾಷೆ ಮಾಡಿದನಂತೆ.

ಪಾರ್ಸೆಲ್ ಹೋದ ರಾತ್ರಿಯಿಂದ ಮನೆಯಲ್ಲಿ ಏನೋ ಸಡಿಲವಾಯಿತು. ದೊಡ್ಡಪ್ಪ ಬಲಗೈ ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ದೊಡ್ಡಮ್ಮ ಒಂದು ದಿನ ಚೌಕಟ್ಟಿನ ಧೂಳು ಹೊಡೆದಳು. ಪದಕ ಇನ್ನೇನು ಹೋಗುತ್ತದಲ್ಲ, ಹೋಗುವುದಾದರೂ ಶುದ್ಧವಾಗಿ ಹೋಗಲಿ ಎಂದು.

ಒಂದೂವರೆ ತಿಂಗಳಿಗೆ ಅಂಚೆಯವನು ಒಂದು ಪೊಟ್ಟಣ ತಂದ. ತೂಕ ನೋಡಿಯೇ ದೊಡ್ಡಪ್ಪನಿಗೆ ಗೊತ್ತಾಯಿತು. ಕಾಗದವನ್ನು ನಾನೇ ಓದಿ ಹೇಳಿದೆ. ತಮ್ಮ ಹೇಳಿಕೆಯನ್ನು ಪರಿಶೀಲಿಸಲಾಗಿದೆ. ತಾವು ಖುದ್ದು ಹಾಜರಾಗದ ಕಾರಣ ತಮ್ಮನ್ನು ಪ್ರಶ್ನಿಸಲು ಸಾಧ್ಯವಾಗಿರುವುದಿಲ್ಲ. ಸದರಿ ಹಡಗಿನ ಸಲಕರಣೆಗಳ ದಾಖಲೆ ಈಗ ಲಭ್ಯವಿಲ್ಲದ್ದರಿಂದ ಪಾನಾದ ಮೇಲಿನ ಸಂಖ್ಯೆಯಿಂದ ಏನೂ ಸಾಬೀತಾಗುವುದಿಲ್ಲ. ತಮ್ಮ ಹೇಳಿಕೆಯು ಪದಕದ ಪ್ರಶಸ್ತಿಪತ್ರದಲ್ಲಿ ದಾಖಲಾದ ವಿವರಗಳಿಗೆ ವಿರುದ್ಧವಾಗಿದ್ದು, ಘಟನೆಯನ್ನು ಕಣ್ಣಾರೆ ಕಂಡ ಅಧಿಕಾರಿಗಳು ಪ್ರಶಸ್ತಿಪತ್ರವನ್ನು ಅಂದೇ ದೃಢೀಕರಿಸಿರುತ್ತಾರೆ. ಆದುದರಿಂದ ಹಳೆಯ ತೀರ್ಮಾನದಲ್ಲಿ ಬದಲಾವಣೆ ಇಲ್ಲ.

ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಸಹಯೋಧನ ಹೆಸರು ಉಳಿಸಲು ತಮ್ಮ ಹೆಸರನ್ನೇ ಬಿಟ್ಟುಕೊಡಲು ಮುಂದಾದ ತಮ್ಮ ಉದಾರತೆಯನ್ನು ಈ ಕಚೇರಿ ಮೆಚ್ಚುತ್ತದೆ. ಲಗತ್ತು: ಪಾನಾ, ಒಂದು.

ದೊಡ್ಡಪ್ಪ ಕೇಳಿಸಿಕೊಂಡು ಎದ್ದು ಅಂಗಿ ಹಾಕಿಕೊಂಡು ಡಿಪೋಕ್ಕೆ ಹೋದರು. ಅಂದು ಸಂಜೆ ಅಡಿಗೆಮನೆಯಲ್ಲಿ ಬಟಾಣಿ ಸುಲಿಯುತ್ತ ದೊಡ್ಡಮ್ಮ ನನಗೆ ಎಲ್ಲವನ್ನೂ ಹೇಳಿದ್ದು. ಸುಳ್ಳು ಹೇಳದೆಯೇ ಪದಕ ಬಂತು, ನಿಜ ಹೇಳಿದರೂ ಪದಕ ಹೋಗಲಿಲ್ಲ ಎಂದಳು. ಆಗಲೇ ಅವಳು ಆ ನಗು ನಕ್ಕದ್ದು.

ಆ ವರ್ಷದ ಪತ್ರ ಬರುವುದಿಲ್ಲವೆಂದು ನಾವು ತಿಳಿದಿದ್ದೆವು. ಅದೇ ತಾರೀಖಿಗೆ ಬಂತು. ಮೇಲೆ ‘ಪ್ರಾಣ ಕೊಟ್ಟ ಅಣ್ಣನಿಗೆ’ ಇರಲಿಲ್ಲ. ಯಾವ ಒಕ್ಕಣೆಯೂ ಇಲ್ಲದೆ ನೇರವಾಗಿ ಶುರುವಾಗಿತ್ತು.

‘ಕಚೇರಿಯವರು ನಿಮ್ಮ ಹೇಳಿಕೆಯ ಪ್ರತಿಯನ್ನು ನನಗೂ ಕಳಿಸಿದ್ದಾರೆ. ಅವರು ನಂಬಲಿಲ್ಲ. ನಾನು ನಂಬಿದೆ. ಅವತ್ತು ನಿಮ್ಮ ಮನೆಯಲ್ಲಿ ಫೋಟೋದ ಮಾತು ಎತ್ತಿದಾಗ ನೀವು ಹೌದು ಎಂದಿದ್ದರೆ ನನಗೆ ಅಷ್ಟಾದರೂ ಉಳಿಯುತ್ತಿತ್ತು. ಇಲ್ಲ ಎಂದು ಅಲ್ಲೇ ಹೇಳಿ ನನ್ನ ಜೊತೆ ಬಸ್ಸು ಹತ್ತಿದ್ದರೆ ಇನ್ನೊಂದು ಸಿಗುತ್ತಿತ್ತು. ನೀವು ಎರಡೂ ಮಾಡಲಿಲ್ಲ. ವಿಚಾರಣೆಯ ದಿನ ನಾನು ಸಂಜೆಯವರೆಗೂ ಬಾಗಿಲು ನೋಡುತ್ತ ಕೂತಿದ್ದೆ. ಚಿಕ್ಕವಳಿಗೆ ಇನ್ನೂ ಹೇಳಿಲ್ಲ.’

ಕೆಳಗೆ ಸಹಿ, ಸಹಿಯ ಕೆಳಗೆ ಹಳೆಯ ಹುದ್ದೆ, ನಂಬರು. ದೊಡ್ಡಪ್ಪ ಈ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಅಂದು ಟ್ರಂಕು ತೆಗೆಯಲಿಲ್ಲ ದೊಡ್ಡಮ್ಮ. ಪಾನಾ ಪೊಟ್ಟಣದಲ್ಲೇ, ಕಿಟಕಿಯ ಕಟ್ಟೆಯ ಮೇಲೆ ಬಿದ್ದಿತ್ತು.

ಅದರ ಮುಂದಿನ ವಾರ ಶಾಲೆಯವರು ಬಂದು ಕರೆದರು. ನಿವೃತ್ತಿಯ ವರ್ಷ, ಈ ಸಲ ವಿಶೇಷ ಸನ್ಮಾನ ಎಂದರು. ದೊಡ್ಡಪ್ಪ ಕೋಟು ತೊಟ್ಟರು. ನಾನೂ ಹೋಗಿದ್ದೆ. ಶಾಲು ಹೊದಿಸಿದ ಮೇಲೆ ಅವರು ಎದ್ದರು. ಮಕ್ಕಳು ಸಾಮಾನಿನ ಮಾತು ಬರುತ್ತದೆಂದು ಆಗಲೇ ಬಾಯಿಗೆ ಕೈ ಅಡ್ಡ ಹಿಡಿದಿದ್ದವು. ದೊಡ್ಡಪ್ಪ ಬಲಗೈ ಎತ್ತಿ ಅಂಗೈಯನ್ನು ಅವರ ಕಡೆ ತಿರುಗಿಸಿದರು.

“ಇದು ಪಾನಾದ ಗುರುತು ಮಕ್ಕಳೇ. ನಾನು ಒಳಗೆ ಹೋಗಿದ್ದು ಅದನ್ನ ತರೋಕೆ. ಮನುಷ್ಯ ಅಡ್ಡ ಬಂದ, ಎತ್ತಿ ಆಚೆ ಹಾಕಿದೆ. ಅಷ್ಟೇ.”

ಮಕ್ಕಳು ಎಂದಿಗಿಂತ ಜೋರಾಗಿ ನಕ್ಕವು. ಹೆಡ್ಮಾಸ್ತರು ಮೈಕಿಗೆ ಬಂದು, ದೊಡ್ಡವರು ತಮ್ಮ ಸಾಹಸವನ್ನು ಹೀಗೇ ಹಾಸ್ಯ ಮಾಡಿ ಮರೆಸುತ್ತಾರೆ, ಇದನ್ನು ನಾವೆಲ್ಲ ಕಲಿಯಬೇಕು ಎಂದರು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ದೊಡ್ಡಪ್ಪ ಕ್ಷಣಕಾಲ ಕೈ ಎತ್ತಿಕೊಂಡೇ ನಿಂತಿದ್ದರು. ಹಿಂದಿನ ಸಾಲಿನ ಮಕ್ಕಳು ಅದನ್ನು ಆಶೀರ್ವಾದ ಎಂದುಕೊಂಡು ತಲೆ ಬಾಗಿಸಿದವು.

ಮರುದಿನ ನಾನು ಎಂದಿನಂತೆ ಆರೂ ನಲವತ್ತಕ್ಕೆ ಡಿಪೋ ತಲುಪಿದೆ. ಬಸ್ಸು ಇರಲಿಲ್ಲ. ಗೇಟು ತೆರೆದಿತ್ತು. ಹತ್ತು ಹನ್ನೆರಡು ಜನ ಚೀಲ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಆರೂವರೆಯ ಬಸ್ಸು ಆರೂವರೆಗೇ ಹೋಯಿತಂತೆ, ಹೀಗೂ ಉಂಟೇ ಎಂದು ಒಬ್ಬಾಕೆ ಡಿಪೋದವರನ್ನು ಬೈಯುತ್ತಿದ್ದಳು.

ನಾನು ಸಲಕರಣೆಗಳ ಕೋಣೆಗೆ ಹೋಗಿ ನೋಡಿದೆ. ದೊಡ್ಡಪ್ಪ ಸ್ಟೂಲಿನ ಮೇಲೆ ಬಾಗಿಲ ಕಡೆ ಮುಖ ಮಾಡಿ ಕೂತು ಚಹ ಕುಡಿಯುತ್ತಿದ್ದರು. ಅವರ ಬೆನ್ನ ಹಿಂದೆ ಹಸಿರು ಹಲಗೆ. ಅದರ ಎರಡನೇ ಸಾಲಿನಲ್ಲಿ, ಎಡದಿಂದ ನಾಲ್ಕನೆಯ ಮೊಳೆಯ ಕೆಳಗೆ, ಬಿಳಿ ಕಾಣುತ್ತಿತ್ತು.